ನೀಲಕ್ಕನಿಗೆ ನಾನೆರೆಯದ ನೀರು

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ಹೇಳುವವರಿಗೇನು, ಹೇಳಿ ಚಹಾ ಕುಡಿದು ಹೋಗುತ್ತಾರೆ. ನೀಲಕ್ಕ ತೀರಿಕೊಂಡು ನಾಲ್ಕು ತಿಂಗಳಾಯಿತು, ನನ್ನ ಸಿಟ್ಟು ಕೂದಲೆಳೆಯಷ್ಟೂ ಇಳಿದಿಲ್ಲ. ಮೂವತ್ತೊಂದು ವರ್ಷ ಗೋಡೆಗೆ ಗೋಡೆ ಹಚ್ಚಿಕೊಂಡು ಬದುಕಿದವಳು, ನನ್ನ ಮನೆಯ ಹಿಟ್ಟು ಸಕ್ಕರೆ ತನ್ನದೆಂದೇ ಒಯ್ದವಳು, ಹೋಗುವ ಹೊತ್ತಿಗೆ ನನಗೆ ಹೀಗೆ ಮಾಡಿ ಹೋದಳು. ಮೊದಲಿನಿಂದ ಹೇಳುತ್ತೇನೆ, ನೀವೇ ನ್ಯಾಯ ಹೇಳಿ.

ನನ್ನ ಹೆಸರು ಶಂಕ್ರೆವ್ವ. ತವರು ಮುಂಡಗೋಡ ತಾಲೂಕಿನ ಚಿಗಳ್ಳಿ. ಗಂಡ ಮಲಕಪ್ಪ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದವನು, ನಾನು ಅಂಗನವಾಡಿಯಲ್ಲಿ ಮಕ್ಕಳಿಗೆ ಅ ಆ ಕಲಿಸಿದವಳು. ನಮ್ಮ ಓಣಿಯವರೆಲ್ಲ ಧಾರವಾಡ, ಬೆಳಗಾವಿ, ಹಳಿಯಾಳ ಕಡೆಯಿಂದ ಮಿಲ್ಲಿನ ಕೆಲಸಕ್ಕೆ ಬಂದು ಇಲ್ಲಿಯೇ ಮನೆ ಕಟ್ಟಿಕೊಂಡವರು, ಹೆಚ್ಚಿನವರು ಲಿಂಗವಂತರು. ಈ ಓಣಿಯಲ್ಲಿ ಒಬ್ಬ ಹೆಂಗಸು ತೀರಿಕೊಂಡರೆ ಕ್ರಿಯೆ ಮಾಡಿಸುವ ಅಯ್ಯನವರಿಗಿಂತ ಮೊದಲು ನನಗೆ ಕರೆ ಬರುತ್ತದೆ. ಜಳಕ ಮಾಡಿಸುವುದು, ವಿಭೂತಿ ಹಚ್ಚುವುದು, ಸೀರೆ ಉಡಿಸುವುದು, ಗೋಡೆಗೆ ಆನಿಸಿ ಕೂಡ್ರಿಸುವುದು ಎಲ್ಲ ನನ್ನ ಕೆಲಸ. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಪೂಜೆಗೆ ಕುಳಿತ ಹಾಗೆ ಕಾಲು ಮಡಚಿ ಕೂಡ್ರಿಸಿ, ಎಡಗೈಯಲ್ಲಿ ಅವರ ಇಷ್ಟಲಿಂಗ ಕೊಟ್ಟು, ಕುಣಿಯೊಳಗೆ ಕೊರೆದ ಗೂಡಿನಲ್ಲಿ ಇಡುತ್ತೇವೆ. ಅದಕ್ಕೆ ಜೀವ ಹೋದ ಎರಡು ಮೂರು ತಾಸಿನೊಳಗೆ ಕೂಡ್ರಿಸಿಬಿಡಬೇಕು. ತಡವಾದಷ್ಟೂ ಕೈಕಾಲು ಸೆಟೆದುಕೊಳ್ಳುತ್ತವೆ. ಇಪ್ಪತ್ತಾರು ಹೆಂಗಸರನ್ನು ನಾನು ಹೀಗೆ ಕೂಡ್ರಿಸಿ ಕಳಿಸಿದ್ದೇನೆ. ಇಪ್ಪತ್ತೇಳನೆಯವಳು ನೀಲಕ್ಕ ಆಗಬೇಕಿತ್ತು.

ಅಂದು ಮಿಲ್ಲಿನ ಬೆಳಗಿನ ಭೋಂಗಾ ಕೂಗಿ ಆಗಿತ್ತು. ನಾನು ಅಂಗಳಕ್ಕೆ ನೀರು ಹೊಡೆಯುತ್ತಿದ್ದೆ. ನೀಲಕ್ಕನ ಸೊಸೆ ಲಕ್ಷ್ಮಿ ಬರಿಗಾಲಲ್ಲಿ ಓಡಿ ಬಂದಳು.

"ಕಾಕು, ಅತ್ತಿ ಎಬ್ಬಿಸಿದ್ರ ಏಳವಲ್ಲರು. ಲಗೂನ ಬರ್ರಿ."

ತಂಬಿಗೆ ಅಲ್ಲೇ ಬಿಟ್ಟು ಹೋದೆ. ಪಾದ ಮುಟ್ಟಿದೆ, ತಣ್ಣಗಾಗಿದ್ದವು. ಕುತ್ತಿಗೆಯ ಹಿಂದೆ ಕೈಯಿಟ್ಟೆ, ಅಲ್ಲಿ ಇನ್ನೂ ಬಿಸಿ ಇತ್ತು. ಒಂದು ವರ್ಷದಿಂದ ಅವಳಿಗೆ ಎದೆಬೇನೆ, ಹದಿನೈದು ದಿನದ ಹಿಂದೆಯೇ ಧಾರವಾಡದ ಡಾಕ್ಟರು ಇನ್ನು ಮನೆಯಲ್ಲಿಯೇ ಇರಲಿ ಎಂದು ಕಳಿಸಿದ್ದರು. ಹಾಗಾಗಿ ಯಾರಿಗೂ ಆಶ್ಚರ್ಯವಾಗಲಿಲ್ಲ. ನಾನು ಅಳಲಿಲ್ಲ. ಅಳುತ್ತಾ ಕುಳಿತರೆ ಕೆಲಸ ಯಾರ ಅಪ್ಪ ಮಾಡುತ್ತಾನೆ?

ಅವಳ ಮಗ ಮಲ್ಲೇಶ ಬಾಗಿಲಿಗೆ ಒರಗಿ ನಿಂತುಬಿಟ್ಟಿದ್ದ. ಭುಜ ಹಿಡಿದು ಅಲುಗಾಡಿಸಿದೆ. "ಅಯ್ಯಾರಿಗೆ ಫೋನ್ ಹಚ್ಚು. ಹಳಿಯಾಳಕ್ಕ ನಿಮ್ಮ ಸೋದರಮಾವಗ ಹಚ್ಚು, ತವರಮನಿ ಸೀರಿ ತಗೊಂಡ ಬರಾಕ ಹೇಳು. ತವರಿನ ಸೀರಿ ಇಲ್ಲದ ಹೆಣ್ಣಮಗಳ ಮಣ್ಣ ಆಗಂಗಿಲ್ಲ. ಕುಣಿ ತಗಿಯವರಿಗೆ ಹೇಳು, ಗೂಡು ಅಗಲ ಇರ್ಲಿ, ನಿಮ್ಮವ್ವ ದಪ್ಪ ಅದಾಳ." ಮಲ್ಲೇಶನ ಗೆಳೆಯ ಲೋಕೇಶ ಮೊಬೈಲು ಹಿಡಿದುಕೊಂಡು, "ಕಾಕು, ಮಂದಿ ಬರೂದು ತಡಾ ಆದ್ರ ಫ್ರೀಜರ್ ಪೆಟ್ಟಿಗಿ ತರಸೂಣೇನ್ರಿ?" ಅಂದ.

"ಮಲಗಿಸಿ ಕಟ್ಟಿಗಿ ಮಾಡಿ ಇಟ್ರ ಆಮ್ಯಾಲ ಕೂಡ್ರಸವ್ರು ಯಾರೋ, ನಿಮ್ಮಪ್ಪೇನ? ಹೋಗು, ಬಿದಿರು ತಗೊಂಡ ಬಾ, ವಿಮಾನ ಕಟ್ಟಬೇಕು. ಬರೂ ಮುಂದ ಕುಳಗಿ ರೋಡಿನ ಗಿಡದಾಗ ಒಂದ ಚೀಲ ಪತ್ರಿ ಹರಕೊಂಡ ಬಾ." ಅವನು ಬೈಸಿಕೊಂಡು ಹೋದ. ವಿಮಾನ ಅಂದರೆ ಸತ್ತವರನ್ನು ಕೂಡ್ರಿಸಿ ಹೊತ್ತೊಯ್ಯುವ ಬಿದಿರಿನ ಕುರ್ಚಿ, ನಮ್ಮ ದಾಂಡೇಲಿಯಲ್ಲಿ ಬಿದಿರಿಗೇನು ಬರವಿಲ್ಲ.

ನಿಜ ಹೇಳಲೇ? ನೀಲಕ್ಕನ ಮಣ್ಣು ಹೇಗೆ ಆಗಬೇಕೆಂದು ನಾನು ಎಂದೋ ಲೆಕ್ಕ ಹಾಕಿಕೊಂಡಿದ್ದೆ. ಅವಳಿಗೆ ತಣ್ಣೀರು ಆಗುತ್ತಿರಲಿಲ್ಲ, ಆದ್ದರಿಂದ ನೀರು ಚೆನ್ನಾಗಿ ಕಾಯಿಸಬೇಕು. ತಲೆಗೆ ಸೀಗೆಕಾಯಿ, ಶಾಂಪೂ ಬೇಡ. ಸೆರಗು ಎಡಹೆಗಲ ಮೇಲೆ ಗಟ್ಟಿ ಕೂಡಬೇಕು, ಜಾರುವ ಸೆರಗು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಇದನ್ನೆಲ್ಲ ಇನ್ನಾರು ಬಲ್ಲರು? ಹಿತ್ತಲಿಗೆ ಹೋಗಿ ಒಲೆ ಹಚ್ಚಿದೆ, ಬಚ್ಚಲಿನ ಮುಂದೆ ಹಲಗೆ ಹಾಕಿಸಿದೆ, ಸುತ್ತ ಹಗ್ಗ ಕಟ್ಟಿ ಎರಡು ಸೀರೆ ಇಳಿಬಿಟ್ಟೆ. ನಾಲ್ಕು ಜನ ಅವಳನ್ನು ಹೊತ್ತು ತಂದು ಹಲಗೆಯ ಮೇಲೆ ಮಲಗಿಸಿ ಹೋದರು. ನಾನು ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಬಳೆ ಮೇಲೆ ಸರಿಸಿಕೊಂಡು ಪರದೆಯತ್ತ ಹೆಜ್ಜೆ ಹಾಕಿದೆ. ಲಕ್ಷ್ಮಿ ಅಡ್ಡ ಬಂದು ನಿಂತಳು.

"ಕಾಕು, ನೀವು ಒಳಗ ಬರಬ್ಯಾಡ್ರಿ."

"ಯಾಕ, ನೀರ ಕಾದಿಲ್ಲೇನ?"

"ಕಾದಾವರಿ. ಜಳಕ ನಾ ಮಾಡಸ್ತೇನಿ. ನಾನೂ ನಮ್ಮ ತಂಗಿ ರಾಜಶ್ರೀನೂ."

ನನಗೆ ನಗುವೇ ಬಂತು. "ನೀನ? ಇಲಿ ಸತ್ರ ಗಂಡನ್ನ ಕರಿಯಾಕಿ ನೀ. ಸರಿ ಅತ್ಲಾಗ."

ಅವಳು ಸರಿಯಲಿಲ್ಲ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಆದರೂ ಹೊಸ್ತಿಲು ಕಾಯುವವಳಂತೆ ನಿಂತೇ ಇದ್ದಳು. "ಅತ್ತಿ ಹೇಳಿ ಹೋಗ್ಯಾರ್ರಿ. 'ನನ್ನ ಮೈ ಯಾರರ ತೊಳೀರಿ, ಶಂಕ್ರಿ ಮಾತ್ರ ನೋಡಬಾರದು' ಅಂದಾರ. ಲಿಂಗ ಮುಟ್ಟಿಸಿ ಆಣಿ ಮಾಡಿಸ್ಕೊಂಡಾರ್ರಿ. ನಾ ಏನ್ ಮಾಡ್ಲಿ?"

ಹಿತ್ತಲಲ್ಲಿ ಏಳೆಂಟು ಹೆಂಗಸರಿದ್ದರು. ಎಲ್ಲರೂ ಕೇಳಿಸಿಕೊಂಡರು. ಪಕ್ಕದ ಮನೆಯ ಗೋದುಬಾಯಿ "ಅಗ ಬಾಯಿ!" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಯಾರಾದರೂ ಕಪಾಳಕ್ಕೆ ಹೊಡೆದಿದ್ದರೆ ತಿರುಗಿ ಹೊಡೆಯುತ್ತಿದ್ದೆ. ಇವಳಿಗೆ ಏನು ಮಾಡಲಿ, ಹಲಗೆಯ ಮೇಲೆ ಮಲಗಿದ್ದಾಳೆ! ಮಲ್ಲೇಶನನ್ನು ಕೂಗಿ ಕೇಳಿದೆ. ಅವನು ನೆಲ ನೋಡುತ್ತಾ, "ಹೌದರಿ ಕಾಕು, ಅವ್ವ ನನ್ನ ಮುಂದೂ ಅಂದಾಳ" ಅಂದ. ಅಂದರೆ ಮನೆಮಂದಿಗೆಲ್ಲ ಗೊತ್ತಿತ್ತು. ಹದಿನೈದು ದಿನ ಅವಳಿಗೆ ಗಂಜಿ ಕುಡಿಸಲು ಹೋಗುತ್ತಿದ್ದ ನನಗೊಬ್ಬಳಿಗೆ ಗೊತ್ತಿರಲಿಲ್ಲ. ಎತ್ತಿ ಕಟ್ಟಿದ್ದ ಸೀರೆ ಇಳಿಸಿ, ಎಲ್ಲರ ಮುಂದೆ ಮನೆಗೆ ಬಂದುಬಿಟ್ಟೆ.

ಈ ನೀಲಕ್ಕ ಎಂಥವಳು ಎಂದು ನಿಮಗೆ ಗೊತ್ತಾಗಬೇಕು. ಹಳಿಯಾಳ ಹತ್ತಿರದ ಹಳ್ಳಿಯವಳು. ಗಂಡ ಸಿದ್ದಲಿಂಗನಿಗೆ ಮಿಲ್ಲಿನಲ್ಲಿ ಕೆಲಸ ಸಿಕ್ಕಾಗ ಒಂದು ಟ್ರಂಕು, ಒಂದು ಹೊಲಿಗೆ ಮಶೀನು ತಗೊಂಡು ಬಂದಳು. ಗಂಡ ಹತ್ತು ವರ್ಷದ ಹಿಂದೆ ಹೋದ, ಮಶೀನು ಕೊನೆಯ ತಿಂಗಳವರೆಗೂ ನಡೆಯಿತು. ಓಣಿಯ ಹೆಂಗಸರ ಜಂಪರು ಹೊಲಿದದ್ದೆಲ್ಲ ಅವಳೇ. ಅಳತೆ ತಗೊಳ್ಳುವಾಗ ಬಾಗಿಲು ಹಾಕುತ್ತಿದ್ದಳು, ಎದೆ ಸೊಂಟದ ಅಂಕಿ ಬಾಯಿಂದ ಹೊರಡುತ್ತಿರಲಿಲ್ಲ, ಸೀದಾ ವಹಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಆ ವಹಿಯಲ್ಲಿ ಒಬ್ಬರ ಹೆಸರೂ ಇಲ್ಲ. ಒಬ್ಬಳಿಗೆ ಗಿಳಿ, ಒಬ್ಬಳಿಗೆ ಕೊಡ, ಒಬ್ಬಳಿಗೆ ಬಾಳೆಗಿಡ, ಹೀಗೆ ಚಿತ್ರ. ನಾನು ಕಟ್ಟೆಯ ಮೇಲೆ ಕುಳಿತು, "ಗೋದುಬಾಯಿ ಸೊಂಟ ಎಷ್ಟ ಬೆಳದೈತಿ ಹೇಳ" ಎಂದು ಕೆಣಕುತ್ತಿದ್ದೆ. "ಆ ದಾರದ ಉಂಡಿ ಇತ್ಲಾಗ ಕೊಡು" ಅನ್ನುತ್ತಿದ್ದಳು. ಅಷ್ಟೇ ಉತ್ತರ.

ಒಮ್ಮೆ ಹಿಂದಿನ ಓಣಿಯ ಒಂದು ಹುಡುಗಿಯ ಮದುವೆ. ನೀಲಕ್ಕ ಮದುವೆಯ ಜಂಪರನ್ನು ಹದಿನೈದು ದಿನದಲ್ಲಿ ಮೂರು ಸಲ ಬಿಚ್ಚಿ ಹೊಲಿದಳು. ಯಾಕೆ ಎಂದು ಕೇಳಿದರೆ "ಬಟ್ಟಿ ಕುಗ್ಗೇತಿ" ಅಂದಳು. ಹೊಸ ಬಟ್ಟೆ ನೀರಿಗೆ ಬೀಳದೆ ಕುಗ್ಗುತ್ತದೆಯೇ? ಮದುವೆಯಾಗಿ ಏಳು ತಿಂಗಳಿಗೆ ಆ ಹುಡುಗಿಗೆ ತುಂಬಿದ ಕೂಸು ಹುಟ್ಟಿದಾಗ ನನಗೆ ತಿಳಿಯಿತು. ಓಣಿಗೆಲ್ಲ ತಿಳಿದ ದಿನವೇ ನನಗೂ ತಿಳಿಯಿತು! "ನನಗರ ಹೇಳಬಾರದೇನ?" ಎಂದು ಎರಡು ದಿನ ಮಾತು ಬಿಟ್ಟೆ. ಅವಳು ಮೂರನೆಯ ದಿನ ಜೋಳದ ವಡೆ ಮಾಡಿ ತಂದಳು, ಆ ಮಾತು ಮಾತ್ರ ಎತ್ತಲಿಲ್ಲ.

ಈಗ ನನ್ನ ಸಂಗತಿ. ಇದನ್ನು ಹೇಳದೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಹನ್ನೆರಡು ವರ್ಷದ ಹಿಂದೆ ನನ್ನ ಎಡಮೊಲೆಯಲ್ಲಿ ಗಂಟು ಬಂತು. ಧಾರವಾಡದಲ್ಲಿ ಆಪರೇಶನ್ ಮಾಡಿ ಅದನ್ನು ತೆಗೆದೇಬಿಟ್ಟರು. ಊರಿಗೆಲ್ಲ "ಗರ್ಭಚೀಲ ತೆಗೆಸಿದೆ" ಅಂದೆ, ಮಕ್ಕಳಿಗೂ ಅದನ್ನೇ ಹೇಳಿದೆ. ನಿಜ ಗೊತ್ತಿದ್ದದ್ದು ನನ್ನ ಗಂಡನಿಗೆ, ನೀಲಕ್ಕನಿಗೆ. ಅವಳು ಬಾಗಿಲು ಹಾಕಿ, ಗಾಯ ನೋಡಿ, ಏನೂ ಅನ್ನದೆ ಅಳತೆ ತಗೊಂಡಳು. ಎಡಗಡೆ ಒಳಗೆ ಹತ್ತಿ ಕೂಡ್ರಿಸಿ ಎರಡು ಪದರದ ಜಂಪರು ಹೊಲಿದು ಕೊಟ್ಟಳು. ಹನ್ನೆರಡು ವರ್ಷ ನಾನು ಎಲ್ಲರ ಮುಂದೆ ಸೆರಗು ಸರಿಪಡಿಸಿಕೊಳ್ಳದೆ ಓಡಾಡಿದ್ದು ಆ ಜಂಪರಿನಿಂದ.

ನನಗೆ ಇದ್ದ ಚಿಂತೆ ಒಂದೇ. ನಾನು ಸತ್ತ ದಿನ ಯಾರೋ ಒಬ್ಬಳು ನನ್ನ ಜಂಪರು ಬಿಚ್ಚುತ್ತಾಳಲ್ಲ, ಆಗ? ಅದಕ್ಕೇ ಒಂದು ಮಧ್ಯಾಹ್ನ ನೀಲಕ್ಕನಿಗೆ ಹೇಳಿದೆ. "ನಮ್ಮಿಬ್ಬರಾಗ ಯಾರ ಮೊದಲ ಹೋದ್ರೂ ಇನ್ನೊಬ್ಬಾಕಿ ನೀರ ಎರೀಬೇಕು. ಬ್ಯಾರೆ ಯಾರ ಕೈ ಹತ್ತಬಾರದು." ಅವಳು ಹಲ್ಲಿನಲ್ಲಿ ದಾರ ಕಡಿಯುತ್ತಾ "ಹೂಂ" ಅಂದಳು. ಆ ಹೂಂ ಮೇಲೆ ನಾನು ಒಂಬತ್ತು ವರ್ಷ ನಿಶ್ಚಿಂತೆಯಿಂದ ನಿದ್ದೆ ಮಾಡಿದೆ.

ಈಗ ಹೇಳಿ. ನನ್ನ ಮೈ ಅವಳು ನೋಡಬಹುದು, ಅವಳ ಮೈ ನಾನು ನೋಡಬಾರದು! ಯಾವ ಊರ ನ್ಯಾಯ ಇದು?

ಮನೆಗೆ ಬಂದವಳೇ ಕೊಡ ಕುಕ್ಕಿದೆ. ಮಲಕಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಅಲ್ಲಿಗೇ ಹೊರಟಿದ್ದ. "ಇಷ್ಟ ಲಗೂ ಮುಗೀತೇನ?" ಅಂದ.

"ಮುಗಿಯೂದೇನ ಬಂತು? ಆಕಿ ನನ್ನ ಬ್ಯಾಡ ಅಂದ ಹೋಗ್ಯಾಳ. ನಂಬಿದಾಕಿ ಕುತ್ತಿಗಿ ಕೊಯ್ದಾಳ ನಿಮ್ಮ ನೀಲಕ್ಕ. ಸಾಯಲಿ ಆಕಿ!"

"ಸತ್ತಾಳಲ್ಲ" ಅಂದ ಅವನು. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತ. ಮಾತಾಡುವ ಮನುಷ್ಯನಲ್ಲ, ಕುಳಿತನೆಂದರೆ ಏನೋ ಇದೆ. "ಒಂದ ಮಾತ ಹೇಳ್ತೇನಿ, ಬಡಿಯಾಕ ಬರಬ್ಯಾಡ. ಆಕಿ ಮಾಡಿದ್ದು ಬರೋಬರಿ ಐತಿ."

"ಏನಂದ್ರಿ?"

"ನೀ ತೊಳದ ಇಪ್ಪತ್ತಾರ ಮಂದಿ ಮೈಮ್ಯಾಲ ಎಲ್ಲೆಲ್ಲಿ ಏನೇನಿತ್ತು ಅಂತ ನನಗ ಗೊತ್ತೈತಿ. ಯಾರ ಹೇಳಿದ್ರು ನನಗ? ನಾ ಏನ್ ನೋಡಾಕ ಹೋಗಿದ್ನೇನ?"

ಹೇಳಿದ್ದು ಹೌದು. ಕೈ ತೊಳೆದು ಬಂದು ಚಹಾ ಕುಡಿಯುವಾಗ ನಾಲ್ಕು ಮಾತು ಆಡದ ಹೆಂಗಸರು ಎಲ್ಲಿದ್ದಾರೆ? ಒಬ್ಬಳ ತೊಡೆಯ ಮೇಲೆ ಬೀಡಿ ಸುಟ್ಟ ಗುರುತು, ಇನ್ನೊಬ್ಬಳ ಬೆನ್ನಿನ ಮೇಲೆ ತೊನ್ನು. ನಾನೇನು ಕಟ್ಟಿ ಹೇಳಿದೆನೇ? ಕಂಡದ್ದು ಹೇಳಿದೆ.

"ವಿದ್ಯಾವತಿದು ನೆನಪೈತೇನ?" ಅಂದ ಮಲಕಪ್ಪ.

ನೆನಪಿಲ್ಲದೆ ಏನು. ಆರು ವರ್ಷದ ಹಿಂದಿನ ಮಾತು. ವಿದ್ಯಾವತಿ ಹಿಂದಿನ ಓಣಿಯ ಸಂಜೀವಕುಮಾರನ ಹೆಂಡತಿ, ಕಾಮಣಿ ರೋಗ ಬಂದು ಸತ್ತಳು. ಜಳಕ ಮಾಡಿಸುವಾಗ ಬಲರಟ್ಟೆಯ ಒಳಮಗ್ಗುಲಿಗೆ ಹಸಿರು ಹಚ್ಚೆ ಕಂಡಿತು, "ಶರಣಬಸವ" ಅಂತ. ಗಂಡನ ಹೆಸರು ಸಂಜೀವಕುಮಾರ, ತೋಳಲ್ಲಿ ಶರಣಬಸವ. ನಲ್ಲಿಯ ಹತ್ತಿರ ಇಬ್ಬರಿಗೆ ಹೇಳಿದೆ, ಇಬ್ಬರಿಗೇ. ಸಂಜೆಯೊಳಗೆ ಅದು ಸಂಜೀವಕುಮಾರನ ಕಿವಿಗೆ ಹೋಯಿತು. ಮೂರನೆಯ ದಿನ ಕುಣಿಗೆ ಹಾಲು ಹಾಕಲು ಅವನು ಬರಲಿಲ್ಲ. ಮನೆಯಲ್ಲಿದ್ದ ಅವಳ ಫೋಟೋ ತೆಗೆದು ಟ್ರಂಕಿನ ಹಿಂದೆ ಎಸೆದನಂತೆ. ವರ್ಷ ಕಳೆದ ಮೇಲೆ ಬೆಳಗಾವಿ ಕಡೆಯ ಅವಳ ಸೋದರತ್ತೆ ಬಂದಾಗ ನಿಜ ಹೊರಬಿತ್ತು. ಶರಣಬಸವ ಅವಳ ಅಣ್ಣ. ಹನ್ನೆರಡು ವರ್ಷದವನಿದ್ದಾಗ ಹಾವು ಕಚ್ಚಿ ಸತ್ತವನು. ಅವನ ಹೆಸರು ಮನೆಯಲ್ಲಿ ಉಳಿಯಲಿ ಎಂದು ತಾಯಿಯೇ ಮಗಳ ತೋಳಿಗೆ ಹಚ್ಚೆ ಹಾಕಿಸಿದ್ದಳು. ಅಣ್ಣನ ಸಾವಿನ ಮಾತು ಎತ್ತಲಾರದೆ ವಿದ್ಯಾವತಿ ಗಂಡನಿಗೂ ಅದನ್ನು ಎಂದೂ ತೋರಿಸಿರಲಿಲ್ಲವಂತೆ. ಸಂಜೀವಕುಮಾರ ಅಂದು ರುದ್ರಭೂಮಿಗೆ ಹೋಗಿ ಹಣೆ ಬಡಿದುಕೊಂಡು ಅತ್ತನಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಈ ನಿಜ ತಿಳಿದ ಮೇಲೆ ನೀಲಕ್ಕ ಎಂಟು ದಿನ ನನ್ನ ಕಟ್ಟೆಗೆ ಬರಲಿಲ್ಲ. ಜ್ವರ ಅಂದಿದ್ದಳು. ನಾನು ಕಷಾಯ ಮಾಡಿಕೊಂಡು ಹೋಗಿದ್ದೆ, ಕುಡಿದಳು. ಮಶೀನಿನ ಮೇಲೆ ಅರ್ಧ ಹೊಲಿದ ಜಂಪರು ಇತ್ತು, ಜ್ವರ ಬಂದವಳು ಹೊಲಿಗೆ ಹಾಕುತ್ತಾಳೆಯೇ? ಅಂದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ನಾನು ಒಪ್ಪುತ್ತಿರಲಿಲ್ಲ ಬಿಡಿ.

"ಆದ್ರೂ ನನಗ ಹೇಳಬೇಕಿತ್ತು" ಅಂದೆ ಮಲಕಪ್ಪನಿಗೆ. "ಮುಖದ ಮ್ಯಾಲ ಬೈಯಬೇಕಿತ್ತು. ಹೂಂ ಅಂದು ಒಂಬತ್ತ ವರ್ಷ ಹೊಟ್ಟ್ಯಾಗ ಇಟಗೊಂಡ, ಸತ್ತ ದಿನಾ ಮಂದ್ಯಾಗ ಮಾನ ಕಳದ್ಳಲ್ಲ, ಅದು ದ್ರೋಹ ಹೌದೋ ಅಲ್ಲೋ?"

ಅವನು ಟವೆಲು ಕೊಡವಿ ಎದ್ದು ಹೋದ. ಗಂಡಸರ ನ್ಯಾಯ ಇಷ್ಟೇ, ಅರ್ಧಕ್ಕೆ ಎದ್ದು ಹೋಗುವುದು.

ನಾನು ಒಳಗೆ ಕುಳಿತೆ. ಗೋಡೆಯಾಚೆಯಿಂದ ಅಳು, ಪಾತ್ರೆಯ ಸದ್ದು, ಭಜನೆಯವರು ತಾಳ ಕುಟ್ಟಿ ನೋಡುವ ಸದ್ದು ಎಲ್ಲ ಕೇಳುತ್ತಿತ್ತು. ಒಂಬತ್ತು ಹೊಡೆಯಿತು. ಹತ್ತಾಗುತ್ತ ಬಂತು. ಹೋಗಬಾರದು, ಕಾಲು ಹಿಡಿದು ಕರೆದರೂ ಹೋಗಬಾರದು ಎಂದು ಗಟ್ಟಿ ಮನಸ್ಸು ಮಾಡಿದೆ. ಆಗ ಗೋದುಬಾಯಿ ಏದುಸಿರು ಬಿಡುತ್ತಾ ಬಂದಳು.

"ಶಂಕ್ರೆವ್ವಾ, ಏಳು ಏಳು. ಹುಡುಗ್ಯಾರ್ಗೆ ಆಗವಲ್ದು. ನೀರ ಹಾಕೂದ್ರಾಗ ತಾಸ ಕಳದ್ರು. ಈಗ ನೋಡಿದ್ರ ಕಾಲ ಮಡಚವಲ್ವು. ಒಬ್ಬಾಕಿ ಜಗ್ಗತಾಳ, ಒಬ್ಬಾಕಿ ಅಳತಾಳ."

"ಜಗ್ಗತಾಳ? ಏ, ಬುದ್ಧಿ ಐತೇನ ಅವಕ್ಕ!" ಎಂದು ಎದ್ದೇಬಿಟ್ಟೆ. ಗಟ್ಟಿ ಮನಸ್ಸು ಎಲ್ಲಿ ಹೋಯಿತೋ ಶಿವನೇ ಬಲ್ಲ. ನೀಲಕ್ಕನನ್ನು ಕೂಡ್ರಿಸಲಾಗದೆ ಮಲಗಿಸಿ ಒಯ್ದರೆ? ಮೊಣಕಾಲು ಮುರಿದರೆ? ಸಿಟ್ಟು ಬೇರೆ, ಅದು ಬೇರೆ.

ಪರದೆಯ ಹತ್ತಿರ ಹೋಗಿ ನಿಂತೆ. ಒಳಗೆ ಲಕ್ಷ್ಮಿ ಬಿಕ್ಕುತ್ತಿದ್ದಳು. "ಕಾಕು, ಆಣಿ ಬಿಟ್ಟಬಿಡ್ತೇನಿ, ಒಳಗ ಬರ್ರಿ. ನನ್ನ ಕೈಲೆ ಆಗಂಗಿಲ್ಲ" ಅಂದಳು.

ಆ ಮಾತಿಗೇ ಕಾದಿದ್ದೆ ಅಂದರೂ ಸುಳ್ಳಲ್ಲ. ಕೈ ಪರದೆಗೆ ಹೋಗಿಯೂ ಇತ್ತು. ಆದರೆ ಲಿಂಗ ಮುಟ್ಟಿ ಮಾಡಿದ ಆಣೆ. ನಾನು ಒಳಗೆ ಹೋದರೆ ಆ ಹುಡುಗಿ ಬದುಕಿನುದ್ದಕ್ಕೂ ಅದನ್ನು ಹೊರಬೇಕು. ಕೈ ಹಿಂದೆ ತಗೊಂಡೆ, ಪರದೆಗೆ ಬೆನ್ನು ಮಾಡಿ, ಹಿತ್ತಲಿನ ನುಗ್ಗೆಗಿಡ ನೋಡುತ್ತಾ ನಿಂತೆ.

"ಬರಂಗಿಲ್ಲ. ನಾ ಹೇಳಿದಂಗ ಮಾಡು. ಮೊದಲ ಕಾಲ ಬಿಡು, ಜಗ್ಗಬ್ಯಾಡ. ದಪ್ಪ ಅರಿವಿ ಬಿಸಿನೀರಾಗ ಅದ್ದಿ ಎರಡೂ ಮೊಣಕಾಲಿಗೆ ಸುತ್ತು."

"ಸುತ್ತೇನ್ರಿ."

"ತಣ್ಣಗಾತಂದ್ರ ತಗದು ಮತ್ತ ಬಿಸಿ ಅರಿವಿ. ಹಂಗ ನಾಲ್ಕ ಸಲ. ರಾಜಶ್ರೀ, ನೀ ಕೊಬ್ಬರಿ ಎಣ್ಣಿ ಬೆಚ್ಚಗ ಮಾಡಿ ತೊಡಿ ಹಿಂದಿನ ನರಕ್ಕ ತಿಕ್ಕು. ಮ್ಯಾಲಿಂದ ಕೆಳಗ, ಕೆಳಗಿಂದ ಮ್ಯಾಲ ಬ್ಯಾಡ."

ಹೀಗೆ ಬಹಳ ಹೊತ್ತು ನಡೆಯಿತು. ನಾನು ಹೇಳುತ್ತಾ ಹೋದೆ, ಅವರು ಮಾಡುತ್ತಾ ಹೋದರು. ಮಧ್ಯೆ ಲಕ್ಷ್ಮಿ, "ಕಾಲ ಮುರದ್ರ ಏನ್ ಮಾಡೂದ್ರಿ?" ಅಂದಳು.

"ಮುರಿಯಂಗಿಲ್ಲ. ನಲವತ್ತ ವರ್ಷ ಮಶೀನ ತುಳದ ಕಾಲ ಅವು. ಹಿಮ್ಮಡ ಹಿಡಿ, ಕೂಸಿನ ಕಾಲ ಮಡಚಿದಂಗ ಮೆತ್ತಗ ಒತ್ತು. ಒತ್ತಿ ಹಿಡಿ, ಬಿಡಬ್ಯಾಡ. ಬಂತೇನ?"

"ಬರಾಕತ್ತೇತ್ರಿ... ಬಂತ್ರಿ ಕಾಕು!"

ಅದೇ ಹೊತ್ತಿಗೆ ಗಾಳಿ ಬಂದು ಎರಡು ಸೀರೆಗಳ ನಡುವೆ ಸಂದು ಬಿತ್ತು. ನನ್ನ ಎಡಭುಜಕ್ಕೆ ಬೆಳಕು ಬಡಿದದ್ದು ಗೊತ್ತಾಯಿತು. ಕತ್ತು ಒಂದಿಷ್ಟು ತಿರುಗಿಸಿದರೆ ಸಾಕಿತ್ತು. ತಿರುಗಿಸಲಿಲ್ಲ. ದೊಡ್ಡ ಗುಣದಿಂದ ಅಂತ ತಿಳಿಯಬೇಡಿ, ಎದುರಿಗೆ ಗೋದುಬಾಯಿ ನನ್ನನ್ನೇ ದಿಟ್ಟಿಸುತ್ತಾ ನಿಂತಿದ್ದಳು.

ಸೀರೆ ಉಡಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಪಡಸಾಲೆಗೆ ತಂದು ಗೋಡೆಗೆ ಕೂಡ್ರಿಸಿದ ಮೇಲೆ ನಾನು ಅವಳ ಮುಖ ನೋಡಿದೆ. ಸೆರಗು ಎಡಹೆಗಲಿಂದ ಜಾರುತ್ತಿತ್ತು. ಮುಂದೆ ಹೋಗಿ ಸರಿಮಾಡಿ ಪಿನ್ನು ಹಾಕಿದೆ. ಅದಕ್ಕೆ ಯಾರೂ ಬೇಡ ಅನ್ನಲಿಲ್ಲ. ಹನ್ನೆರಡಕ್ಕೆ ಹಳಿಯಾಳದಿಂದ ನೀಲಕ್ಕನ ತಮ್ಮ ತವರಿನ ಸೀರೆ ತಂದ, ಅದನ್ನು ಹೊದಿಸಿದರು. ಅಯ್ಯನವರು ಪದ್ಧತಿಯಂತೆ ಅವಳ ತಲೆಯ ಮೇಲೆ ಪಾದ ಇಟ್ಟರು. ನಾಲ್ಕು ಗಂಟೆಗೆ ಭಜನೆಯ ಜೊತೆ ವಿಮಾನ ಹೊರಟಿತು, ಕುಣಿಯಲ್ಲಿ ಗೂಡು ಅಗಲವಾಗಿಯೇ ತೆಗೆದಿದ್ದರು. ನಾನೂ ಪತ್ರಿ ಹಾಕಿದೆ, ಮೂರು ಹಿಡಿ ಮಣ್ಣು ಹಾಕಿದೆ. ಅಳು ಬರಲಿಲ್ಲ. ಒಳಗೆ ಬೈಗುಳವೇ ತುಂಬಿಕೊಂಡಿತ್ತು.

ಮಾರನೆಯ ದಿನ ಅವರ ಮನೆಗೆ ರೊಟ್ಟಿ ಪಲ್ಯ ಒಯ್ದೆ. ಸತ್ತ ಮನೆಯಲ್ಲಿ ಒಲೆ ಹಚ್ಚುವ ಮನಸ್ಸಾದರೂ ಯಾರಿಗಿರುತ್ತದೆ? ಲಕ್ಷ್ಮಿಗೆ ಬಡಿಸಿದೆ, ಎದುರು ಕುಳಿತೆ. ಕೇಳಬಾರದು ಎಂದುಕೊಂಡೇ ಹೋಗಿದ್ದೆ. ಇಡೀ ರಾತ್ರಿ ಅದೇ ತಲೆಯಲ್ಲಿ ಕೊರೆದಿತ್ತು. ಏನಿತ್ತು ಇವಳ ಮೈಮೇಲೆ? ಸುಟ್ಟ ಗಾಯವೇ, ಹಚ್ಚೆಯೇ, ಸಿದ್ದಲಿಂಗ ಹೊಡೆದ ಬಾಸುಂಡೆಯೇ? ಎಲುಬಿಲ್ಲದ ನಾಲಿಗೆ, ಹೊರಳಿಯೇಬಿಟ್ಟಿತು.

"ಲಕ್ಷ್ಮಿ, ಸುಮ್ನ ಕೇಳ್ತೇನಿ. ನಿಮ್ಮತ್ತಿ ಮೈಮ್ಯಾಲ ಏನರ ಇತ್ತೇನ?"

ಅವಳು ತುತ್ತು ನುಂಗಿ, ನೀರು ಕುಡಿದು, ನನ್ನ ಮುಖ ನೋಡಿದಳು. "ಏನೂ ಇರ್ಲಿಲ್ಲರಿ. ಒಂದ ಮಚ್ಚಿ ಸೈತ ಇರ್ಲಿಲ್ಲ." ಆಮೇಲೆ ಮೆಲ್ಲಗೆ, "ನೀವು ಕೇಳ್ತೀರಿ ಅಂತ ಅತ್ತಿ ಅಂದಿದ್ರು. ಮೂರ ದಿನ ತಡೀತಾಳ, ನಾಲ್ಕನೇದ ದಿನಕ್ಕ ಕೇಳ್ತಾಳ ಅಂದಿದ್ರು."

ನಾನು ಒಂದೇ ದಿನಕ್ಕೆ ಕೇಳಿದ್ದೆ. ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಹೋಗುತ್ತಿದ್ದೆ. ನನ್ನ ಬಗ್ಗೆ ಆ ನೀಲಕ್ಕ ಇಟ್ಟುಕೊಂಡಿದ್ದ ನಂಬಿಕೆಯೂ ಮೂರು ದಿನದ್ದು, ಅದನ್ನೂ ನಾನು ಉಳಿಸಲಿಲ್ಲ.

ಮೂರನೆಯ ದಿನ ಕುಣಿಗೆ ಹಾಲು ಹಾಕಿ ಬರುವಾಗ ನಾನೂ ಲಕ್ಷ್ಮಿಯೂ ಹಿಂದುಳಿದೆವು. ದಾರಿಯಲ್ಲಿ ಅವಳ ಕೈ ಹಿಡಿದು ನಿಲ್ಲಿಸಿದೆ. ಹೇಗೆ ಶುರು ಮಾಡಬೇಕೋ ತಿಳಿಯದೆ ಸೀದಾ ಹೇಳಿಬಿಟ್ಟೆ, ಎಡಗಡೆ ನನಗೆ ಇಲ್ಲ, ಹನ್ನೆರಡು ವರ್ಷವಾಯಿತು ಎಂದು. "ನಾ ಹೋದ ದಿನಾ ನೀ ನೀರ ಎರಿ. ಬ್ಯಾರೆ ಯಾರ್ನೂ ಒಳಗ ಬಿಡಬ್ಯಾಡ. ಲಿಂಗ ಮುಟ್ಟಿ ಆಣಿ ಮಾಡೂದ ಬ್ಯಾಡ, ಬಾಯಿಲೆ ಹೇಳು ಸಾಕು."

ಲಕ್ಷ್ಮಿ ನಡುದಾರಿಯಲ್ಲಿ ನಿಂತೇಬಿಟ್ಟಳು. "ಖರೇನ ಏನ್ರಿ ಕಾಕು? ನನಗ ಗೊತ್ತ ಇಲ್ಲಲ್ರಿ. ಏಳ ವರ್ಷ ಆ ಮಶೀನಿನ ಮಗ್ಗಲಾಗ ಕುಂತ ಕಾಜ ಹಾಕೇನಿ, ಗುಂಡಿ ಹಚ್ಚೇನಿ. ನಿಮ್ಮ ಜಂಪರ ಮಾತ್ರ ಅತ್ತಿ ಎಂದೂ ಮುಟ್ಟಾಕ ಕೊಡಲಿಲ್ಲ. ಯಾಕ ಅಂದ್ರ, 'ಶಂಕ್ರಿದು ಭಾಳ ಕಟಿಪಿಟಿ, ಬ್ಯಾರೇದವರ ಹೊಲಿಗಿ ಆಕಿಗೆ ಸೇರಂಗಿಲ್ಲ' ಅಂತಿದ್ರು. ಓಣ್ಯಾಗ ಎಲ್ಲಾರ ಮುಂದೂ ಹಂಗ ಹೇಳ್ತಿದ್ರು."

ಓಣಿಯಲ್ಲಿ ನನಗೆ ಕಟಿಪಿಟಿ ಶಂಕ್ರೆವ್ವ ಎಂಬ ಹೆಸರಿದೆ. ಯಾವ ಹಾದರಗಿತ್ತಿ ಹಬ್ಬಿಸಿದಳೋ ಎಂದು ಹನ್ನೆರಡು ವರ್ಷ ಹುಡುಕಿದ್ದೇನೆ. ಹೆಸರು ಹಿಡಿದು ಬೈದಿದ್ದೇನೆ, ಗೋದುಬಾಯಿಯೊಡನೆ ಜಗಳವನ್ನೂ ಆಡಿದ್ದೇನೆ. ಆಗೆಲ್ಲ ನೀಲಕ್ಕ ನನ್ನ ಪಕ್ಕದಲ್ಲಿ ಕುಳಿತು ಗುಂಡಿ ಹಚ್ಚುತ್ತಿದ್ದಳು, ಒಂದು ಮಾತು ಆಡಿರಲಿಲ್ಲ.

ಲಕ್ಷ್ಮಿ "ಎರೀತೇನ್ರಿ" ಅಂದಳು. ನಾವಿಬ್ಬರೂ ನಡೆದೆವು. ನನಗೆ ಅಳು ಬಂದದ್ದು ಅಲ್ಲಿ, ರಸ್ತೆಯಲ್ಲಿ, ಲಾರಿ ಬಸ್ಸು ಓಡಾಡುವ ಕಡೆ. ನನ್ನನ್ನು ಇಷ್ಟು ಮುಚ್ಚಿಟ್ಟವಳು ತನ್ನನ್ನು ನನ್ನ ಕೈಗೆ ಕೊಡಲಿಲ್ಲ. ಕೊಡದೆ ಇದ್ದದ್ದೇ ಸರಿ ಎಂದು ನಾನು ಒಂದೇ ದಿನದಲ್ಲಿ ತೋರಿಸಿಯೂ ಕೊಟ್ಟೆ.